ಬರೀ ಉಡಿ

ಅವರ ಹಣೆಯ ನಡುವೆ ಒಂದು ಬಿಳಿಚಿದ ಗುರುತಿತ್ತು. ವರ್ಷಗಟ್ಟಲೆ ಕುಂಕುಮ ಕೂತು ಚರ್ಮದ ಬಣ್ಣವೇ ಹೋಗಿತ್ತು. ವಿಭೂತಿ ಹಚ್ಚಿದರೂ ಮುಚ್ಚುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಪಕ್ಷದವರು ಅವರನ್ನು ಲೋಕಸಭೆಗೆ ನಿಲ್ಲಿಸಿದ್ದರು. ಪೋಸ್ಟರಿನಲ್ಲಿ ಗಂಡನ ಫೋಟೊ ದೊಡ್ಡದು, ಇವರದು ಸಣ್ಣದು. ನಾವೆಲ್ಲ ಅವರನ್ನು ಅವ್ವಾರು ಅನ್ನುತ್ತಿದ್ದೆವು.

ಪ್ರಚಾರಕ್ಕೆ ದೊಡವಾಡಕ್ಕೆ ಬಂದಾಗ ವೇದಿಕೆಯ ಮೇಲಿದ್ದ ಹೆಂಗಸರಿಗೆ ಉಡಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ಹೊಸ ಸೊಸೆ. ಅಕ್ಕಿ, ಕೊಬ್ಬರಿ, ಕುಬಸದ ಖಣ ಒಬ್ಬೊಬ್ಬರ ಸೆರಗಿಗೆ ಹಾಕುತ್ತ ಹೋದವಳು ಅವರನ್ನು ದಾಟಿ ಮುಂದಿನವರ ಎದುರು ನಿಂತೆ. ಬೇಕಂತಲೇ ಅಲ್ಲ. ಗಂಡನಿಲ್ಲದವರಿಗೆ ಉಡಿ ತುಂಬುವುದಿಲ್ಲವೆಂಬುದು ಕೈಗೇ ರೂಢಿಯಾಗಿತ್ತು. ಅವರು ಸೆರಗು ಒಡ್ಡಿ ಮೆಲ್ಲಗೆ ಅಂದರು:

"ನನಗೂ ತುಂಬವಾ. ನಿಮ್ಮ ಮನಿ ಮಗಳು ದಿಲ್ಲಿಗೆ ಹೊಂಟಾಳ, ಬರೀ ಉಡೀಲೆ ಕಳಸ್ತಿಯೇನು?"

ಕೆಳಗೆ ನನ್ನ ಅತ್ತೆ ದಿಟ್ಟಿಸುತ್ತ ಕೂತಿದ್ದರು. ನನ್ನ ಕೈ ಏಳಲಿಲ್ಲ. ಅವರು ಖಾಲಿ ಸೆರಗನ್ನು ಹೊದ್ದುಕೊಂಡು ಮೈಕಿನ ಮುಂದೆ ಹೋದರು.

ಎರಡು ಸಲ ಗೆದ್ದರು. ಸುರೇಬಾನದ ಕುಡಿಯುವ ನೀರಿನ ಬಗ್ಗೆ ದಿಲ್ಲಿಯಲ್ಲಿ ಕನ್ನಡದಲ್ಲೇ ಮಾತಾಡಿದರೆಂದು ನಮಗೆಲ್ಲ ಹೆಮ್ಮೆ. "ಮಾತು ಮುಗಿಯೂದ್ರಾಗ ಗಂಟಿ ಬಾರಸ್ತಾರವಾ," ಎಂದು ಅವರು ನಗುತ್ತಿದ್ದರು. ಆ ನಗು ನೋಡಿದರೆ ನನಗೆ ಅವರ ಖಾಲಿ ಸೆರಗು ನೆನಪಾಗುತ್ತಿತ್ತು. ಮೂರನೆಯ ಸಲ ಟಿಕೆಟ್ ಅವರ ಮೈದುನನ ಮಗನಿಗೆ ಹೋಯಿತು. ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟಂತೆ ಅಷ್ಟು ವರ್ಷ ಇವರನ್ನು ಕೂರಿಸಿದ್ದರು, ಅಷ್ಟೇ.

ಅದೇ ವರ್ಷ ನನ್ನ ಗಂಡ ತೀರಿಕೊಂಡರು. ಅವ್ವಾರು ಬೈಲಹೊಂಗಲದಿಂದ ಒಬ್ಬರೇ ಬಸ್ಸಿನಲ್ಲಿ ಬಂದರು. ಅತ್ತೆಯ ಎದುರಿಗೇ ಚೀಲದಿಂದ ಅಕ್ಕಿ, ಖಣ ತೆಗೆದರು.

"ಸೆರಗ ಹಿಡಿ."

"ನನಗ್ಯಾಕ್ರಿ ಅವ್ವಾರ?"

"ಇನ್ನ ಮ್ಯಾಲೆ ನಿನಗ ಯಾರೂ ತುಂಬೂದಿಲ್ಲ. ಅದಕ್ಕ."

ವೇದಿಕೆಯ ಮೇಲಿನ ಆ ದಿನದ ಮಾತನ್ನು ಅವರು ಎತ್ತಲೇ ಇಲ್ಲ. ನಾನು ತುಂಬಿದ ಸೆರಗನ್ನು ಎದೆಗೆ ಅವಚಿಕೊಂಡು ಅತ್ತುಬಿಟ್ಟೆ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ನಮ್ಮ ಪದ್ಧತಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ದಪ್ಪಗೆ ವಿಭೂತಿ. ಗುರುತು ಈಗ ಕಾಣುತ್ತಿರಲಿಲ್ಲ. ಮೈದುನನ ಮಗ ಕ್ಯಾಮೆರಾಗಳತ್ತ ತಿರುಗಿ ಹಾರ ಹಾಕಿದ. ನಾನು ಅಕ್ಕಿ, ಖಣ ಒಯ್ದಿದ್ದೆ. ಬಾಗಿದಾಗ ಹಿರಿಯರೊಬ್ಬರು, "ಹಂಗ ತುಂಬಬಾರದವಾ, ಮುತ್ತೈದಿ ಅಲ್ಲ ಆಕಿ," ಎಂದು ತಡೆದರು.

ಈ ಸಲ ನಾನು ಕೈ ಹಿಂದೆ ತೆಗೆಯಲಿಲ್ಲ. ಸೆರಗಿಗಾಗಿ ತಡಕಾಡಿದೆ. ಸಿಗಲಿಲ್ಲ. ಕೊರಳಿನಿಂದ ಕಾಲಿನವರೆಗೆ ಪಕ್ಷದ ಬಾವುಟವನ್ನು ಬಿಗಿಯಾಗಿ ಸುತ್ತಿದ್ದರು. ಎರಡನೆಯ ಸಲವೂ ಅವರನ್ನು ಬರೀ ಉಡಿಯಲ್ಲೇ ಕಳಿಸಿದೆ.