ಬಲಗಣ್ಣಿನ ಮಿಂಚು

ನನ್ನ ಬಲಗಣ್ಣು ಹೋದದ್ದು ಮೂವತ್ತರ ದಶಕದಲ್ಲಿ, ನನಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸಾಗಿದ್ದಾಗ. ಈಗ ನೆನೆದರೆ ದುಃಖ ಬರುವುದಿಲ್ಲ. ಆಗಲೂ ಬರಲಿಲ್ಲ. ಒಳಗೆ ಜೋಮು ಹಿಡಿದಂತಿತ್ತು, ಅಷ್ಟೇ.

ತಮಿಳು ಸೀಮೆಯ ಹರೂರಿನ ಹತ್ತಿರದ ನಮ್ಮೂರಲ್ಲಿ ನಾವು ಕುರಿ ಸಾಕಿ ಕಂಬಳಿ ನೇಯುವ ಕನ್ನಡದವರು. ಚಿಕ್ಕಂದಿನಿಂದ ನನಗೆ ದೂರದ್ದು ಕಾಣದು. ಬೇಲಿಯಾಚೆ ಇರುವುದು ಕುರಿಯೋ ಕಲ್ಲೋ ಎಂದು ಕೇಳಿ ನಗೆಪಾಟಲಾಗುತ್ತಿದ್ದೆ. ಮಗ್ಗದ ಮುಂದೆ ಕೂತರೆ ಮಾತ್ರ ಒಂದು ಎಳೆಯೂ ತಪ್ಪುತ್ತಿರಲಿಲ್ಲ. ನಮ್ಮ ಕುಲದೇವರ ಹಬ್ಬದಲ್ಲಿ ಹರಕೆ ಹೊತ್ತವರು ಸಾಲಾಗಿ ಕೂರುತ್ತಾರೆ, ಪೂಜಾರಿ ಅವರ ತಲೆಯ ಮೇಲೆ ತೆಂಗಿನಕಾಯಿ ಒಡೆಯುತ್ತಾನೆ. ಪೂಜಾರಿ ನನ್ನ ಸೋದರಮಾವನೇ. ಆ ವರ್ಷ ನಾನೂ ಕೂತೆ. ಕಾಯಿ ಮೊದಲ ಏಟಿಗೆ ಒಡೆಯಲಿಲ್ಲ, ಎರಡನೆಯದಕ್ಕೆ ಒಡೆಯಿತು.

ಮೂರು ದಿನ ಕಳೆದ ಮೇಲೆ, ನೋಟ ಹೊರಳಿಸಿದಾಗಲೆಲ್ಲ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಳೆಯತೊಡಗಿತು. ಕಣ್ಣು ಮುಚ್ಚಿದರೂ ಹೊಳೆಯಿತು. ಮಾವನಿಗೆ ಹೇಳಿದೆ. ಅವನು ನನಗೇ ಕೈಮುಗಿದ.

"ದೇವ್ರು ನಿನ್ ಕಣ್ಣಾಗೆ ಕುಂತವ್ನೆ ಕಣ್ಲಾ," ಅಂದ.

ಸುದ್ದಿ ಹಬ್ಬಿತು. ಜನ ಕಾಯಿಲೆಯ ಮರಿಗಳನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದರು. ಉಳಿಯುತ್ತದೋ ಇಲ್ಲವೋ ನಾನು ನೋಡಿ ಹೇಳಬೇಕು. ಕುರಿಗೂ ಕಲ್ಲಿಗೂ ವ್ಯತ್ಯಾಸ ತಿಳಿಯದವನ ಮುಂದೆ ಊರಿನ ಹಿರಿಯರು ಟವೆಲನ್ನು ಸೊಂಟಕ್ಕೆ ಸುತ್ತಿ ನಿಂತರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ತುಂಬ ಹಿಡಿಸಿತು.

ಆಮೇಲೆ ಕಣ್ಣಮುಂದೆ ಮಸಿಯ ಚೂರುಗಳು ತೇಲಿದವು, ಕೈಯಾಡಿಸಿದರೂ ಹೋಗಲಿಲ್ಲ. ಒಂದು ಬೆಳಿಗ್ಗೆ ಮೂಗಿನ ಕಡೆಯಿಂದ ಕಪ್ಪು ಪರದೆಯೊಂದು ಮೇಲೇರಿತು. ಮಗ್ಗದ ನೆಟ್ಟನೆಯ ಎಳೆಗಳು ಡೊಂಕಾಗಿ ಕಂಡವು. ನೋವು ಎಳ್ಳಷ್ಟೂ ಇರಲಿಲ್ಲ. ಪರದೆ ಕಣ್ಣನ್ನೆಲ್ಲ ಮುಚ್ಚಿದ ಮೇಲೆ ಒಂದು ದಿನ ನಾನು ಬಗ್ಗಿಸಿದ ನೀರು ಚೊಂಬು ತಪ್ಪಿ ನೆಲಕ್ಕೆ ಸುರಿಯಿತು. ಅದನ್ನು ಕಂಡು ವಿಚಾರಿಸಿದ ಹೆಂಡತಿ ಮರುದಿನವೇ ನನ್ನನ್ನು ಸೇಲಂ ಬಸ್ಸು ಹತ್ತಿಸಿದಳು.

ಅಲ್ಲಿನ ಡಾಕ್ಟರು ಕತ್ತಲ ಕೋಣೆಯಲ್ಲಿ ಕನ್ನಡಿಯಿಂದ ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳುಪೊರೆ ಹರಿದು, ಅದರ ಹಿಂದೆ ನೀರು ನುಗ್ಗಿ, ಗೋಡೆಯ ಸುಣ್ಣದಂತೆ ಕಳಚಿಬಂದಿದೆ ಎಂದು ತಮಿಳಿನಲ್ಲಿ ವಿವರಿಸಿದರು. ದೂರ ಕಾಣದವರಲ್ಲಿ ಆ ಪೊರೆ ಮೊದಲೇ ಸವೆದಿರುತ್ತದಂತೆ. ಏಟೂ ಬಿದ್ದರೆ ಕೇಳುವುದೇ ಬೇಡ. ಪೊರೆಗೆ ನೋವು ಗೊತ್ತಿಲ್ಲವಂತೆ. ಪರದೆ ಯಾವತ್ತು ಬಂತು ಎಂದು ಕೇಳಿದರು. ಹೆಂಡತಿ ನಿನ್ನೆ ಎಂದಳು. ಇದು ನಿನ್ನೆಯದಲ್ಲ ಎಂದು ಅವರು ತಲೆಯಾಡಿಸಿದರು. ಪರದೆ ಕಂಡ ದಿನವೇ ಬಂದಿದ್ದರೆ ಮದರಾಸಿಗೆ ಕಳಿಸಿ ಏನಾದರೂ ಮಾಡಿಸಬಹುದಿತ್ತು ಎಂದರು.

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ವಾರಗಟ್ಟಲೆ ಅಂಗಾತ ಮಲಗಿಸಿದರು. ಪಟ್ಟಿ ಬಿಚ್ಚಿದಾಗ ಬಲಗಡೆ ಹಾಗೇ ಕಪ್ಪು. ಸರಿ ಎಂದುಕೊಂಡು ಊರಿಗೆ ಬಂದೆ.

ಮಾವ ಬಂದು ಜಗಲಿಯ ಮೇಲೆ ಕೂತ. "ಎಲ್ಡ್ನೇ ಏಟು ನಾ ಆಕ್ಬಾರ್ದಿತ್ತು ಕಣ್ಲಾ," ಅಂದ. ಮುಂದಿನ ಹಬ್ಬದಿಂದ ಅವನು ಕಾಯಿ ಮುಟ್ಟಲಿಲ್ಲ, ಪೂಜಾರಿಕೆಯನ್ನೇ ಬಿಟ್ಟುಕೊಟ್ಟ.

ಹೆಂಡತಿಗೆ ತಿಳಿಯುವ ಮೊದಲು ಪರದೆ ಎಂಟು ದಿನ ನನ್ನ ಕಣ್ಣಲ್ಲಿತ್ತು. ಆ ಎಂಟು ದಿನವೂ ಮರಿಗಳು ಬಂದವು. ಕತ್ತು ಓರೆ ಮಾಡಿ, ಎಡಗಣ್ಣಿನಲ್ಲಿ ನೋಡಿ ಹೇಳುತ್ತಿದ್ದೆ. ಮಿಂಚಿನ ವಿಷಯ ಊರಿಗೆಲ್ಲ ಹೇಳಿದ್ದವನು ಪರದೆಯ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದರೆ ಜನ ಬರುವುದು ನಿಲ್ಲುತ್ತಿತ್ತು.

ಮಾವ ಸಾಯುವವರೆಗೂ ನನ್ನ ಮುಖ ನೇರ ನೋಡಲಿಲ್ಲ. ಆ ಎಂಟು ದಿನದ ಮಾತು ನಾನು ಅವನಿಗೂ ಹೇಳಲಿಲ್ಲ.