ಎಳೆದಷ್ಟೂ ಬಿಗಿಯುವ ಗಂಟು

ಜಪಾನಿನ ತಕಾವೊಕಾ ಊರಿಗೆ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕುರೊಸು ಸಿಹಿ ಅಂಗಡಿಯ ಹಿಂಬದಿಯ ಚಾಪೆಯ ಮೇಲೆ ಶಿಗೆನೊ ಮಂಡಿಯೂರಿ ಕುಳಿತಿದ್ದಾರೆ. ಬಿಸಿನೀರಿನಲ್ಲಿ ಅದ್ದಿದ ಬೆರಳುಗಳನ್ನು ಒರೆಸಿಕೊಂಡು, ಒಣಗಿದವೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುತ್ತಾರೆ. ಒದ್ದೆ ಕೈ ಸೋಕಿದರೆ ಕಾಗದ ಹೊಸೆದು ಮಾಡಿದ ದಾರ ಸೊರಗುತ್ತದೆ. ಕೆಂಪು ಬಿಳಿ ಎಳೆಗಳು ಸಿಹಿಯ ಪೆಟ್ಟಿಗೆಯನ್ನು ಸುತ್ತಿ ಬಂದು ನಡುವೆ ಗಂಟಾಗುತ್ತವೆ.

ಊರಿನ ಕಾರ್ಖಾನೆಯವರು ಗಿರಾಕಿಗಳನ್ನು ಕಾಣಲು ಹೊರಟಾಗ ಒಯ್ಯುವ ಸಿಹಿಯ ಪೆಟ್ಟಿಗೆ ಬಹುಪಾಲು ಶಿಗೆನೊ ಅವರೇ ಕಟ್ಟಿಕೊಟ್ಟದ್ದು. ವರ್ಷದ ಕೊನೆಯಲ್ಲಿ ದಿನಕ್ಕೆ ನೂರು ದಾಟುತ್ತದೆ. ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಕೂರಿಸಿ ಕಲಿಸಿದ ಕೆಲಸ. ಗಂಡ ತೀರಿಕೊಂಡ ಮೇಲೆ ಅಂಗಡಿ ಮೈದುನ ಎಯ್ಜಿಗೆ ಹೋಯಿತು. ಈ ಚಾಪೆ ಮಾತ್ರ ಇವರದಾಗಿಯೇ ಉಳಿಯಿತು. ಚಳಿಗೆ ಬೆರಳು ಮಡಚುವುದಿಲ್ಲ. “ದಿನಾ ಎಬ್ಬಿಸ್ಬೇಕು ಇವನ್ನ. ನನಗಿಂತ ಸೋಮಾರಿಗಳು,” ಎನ್ನುತ್ತಾರೆ.

ಈ ಬೆಳಿಗ್ಗೆ ಹಿತ್ತಾಳೆ ನಲ್ಲಿ ಮಾಡುವ ಸಣ್ಣ ಕಾರ್ಖಾನೆಯ ಮುನೆಕಾತಾ ತಾವು ಹೇಳಿಟ್ಟಿದ್ದ ಪೆಟ್ಟಿಗೆಯನ್ನು ಒಯ್ದಿದ್ದಾರೆ. ಶುಭದ ಕೊಡುಗೆ ಎಂದಷ್ಟೇ ಹೇಳಿದ್ದರಿಂದ ಶಿಗೆನೊ ಚಿಟ್ಟೆ ಗಂಟು ಹಾಕಿದ್ದರು. ಆಮೇಲೆ ಚಹಾ ಕುಡಿಯುತ್ತ ಎಯ್ಜಿ ಸುದ್ದಿ ಹೇಳುತ್ತಾರೆ: ಮುನೆಕಾತಾ ಬೆಳಗಿನ ರೈಲಿಗೆ ಹೊರಟಿರುವುದು ಕನಜಾವಾ ನಗರದ ಇಸೊಗೈ ಅವರಲ್ಲಿಗೆ. ಕಾರ್ಖಾನೆಯ ಅರ್ಧ ಮಾಲು ಕೊಳ್ಳುವವರು ಅವರು. ಹೊಟ್ಟೆಯ ಆಪರೇಷನ್ ಮುಗಿಸಿ ಇಂದೇ ಆಫೀಸಿಗೆ ಮರಳುತ್ತಿದ್ದಾರೆ; ಮುಂದಿನ ವರ್ಷದ ಕರಾರಿನ ಮಾತೂ ಇಂದೇ.

ಶಿಗೆನೊ ಕೈಯ ದಾರ ಕೆಳಗಿಡುತ್ತಾರೆ. ಚಿಟ್ಟೆ ಗಂಟನ್ನು ಎಳೆದರೆ ಬಿಚ್ಚಿಕೊಳ್ಳುತ್ತದೆ, ಮತ್ತೆ ಕಟ್ಟಬಹುದು. ಮತ್ತೆ ಮತ್ತೆ ಬರಲಿ ಎನ್ನುವಂಥದ್ದಕ್ಕೆ ಅದು. ಆಸ್ಪತ್ರೆಯಿಂದ ಎದ್ದು ಬಂದವರಿಗೆ ಎಳೆದಷ್ಟೂ ಬಿಗಿಯುವ ಗಂಟೇ ಆಗಬೇಕು.

“ಯಾರಿಗೆ ಅಂತ ನಾನು ಕೇಳ್ಬೇಕಿತ್ತು ಕಣಪ್ಪ. ಕಾಯಿಲೆ ಇನ್ನೊಂದ್ಸಲ ಬರ್ಲಿ ಅಂತ ಹಾರೈಸಿ ಕಳಿಸಿದಂಗಾಯ್ತು.”

ರೈಲಿನ ಜೊತೆ ಓಟಕ್ಕಿಳೀತೀರಾ ಅತ್ತಿಗೆ ಎಂದು ಎಯ್ಜಿ ಛೇಡಿಸುವಷ್ಟರಲ್ಲಿ ಹೊಸ ಕಾಗದ, ದಾರ, ಕತ್ತರಿ ಚೀಲ ಸೇರಿ ಶಿಗೆನೊ ಅವರ ಸೈಕಲ್ಲು ಬೀದಿಗಿಳಿದಿದೆ.

ಪ್ಲಾಟ್‌ಫಾರಂ ಬೆಂಚಿನ ಮೇಲೆ ಸಿಕ್ಕ ಮುನೆಕಾತಾರಿಗೆ ವಿಷಯ ತಿಳಿದೊಡನೆ ಮುಖ ಬಿಳಿಚುತ್ತದೆ. ಶಿಗೆನೊ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯದನ್ನು ತೆಗೆದು ಹೊಸದನ್ನು ಕಟ್ಟುತ್ತಾರೆ. ಗಾಳಿಗೆ ಮರಗಟ್ಟಿದ ಬೆರಳು, ಗಂಟು ಒಂದಿಷ್ಟು ವಾಲುತ್ತದೆ. ದೂರದಲ್ಲಿ ರೈಲು ಕಾಣುತ್ತಿದೆ. ಇಷ್ಟು ಸಾಕಮ್ಮ, ಕೊಡಿ ಎಂದು ಮುನೆಕಾತಾ ಕೈ ಚಾಚುತ್ತಾರೆ. ಶಿಗೆನೊ ಅದನ್ನೂ ಕತ್ತರಿಸುತ್ತಾರೆ.

“ಸೊಟ್ಟ ಗಂಟು ಕೊಡೋಕೆ ಇಷ್ಟು ದೂರ ಸೈಕಲ್ ತುಳೀಬೇಕಿತ್ತಾ?”

ಎರಡನೆಯದು ನೆಟ್ಟಗೆ ಕೂರುತ್ತದೆ. ಬಾಗಿಲು ಮುಚ್ಚುವ ಮುನ್ನ ಪೆಟ್ಟಿಗೆ ರೈಲು ಹತ್ತುತ್ತದೆ.

ಸಂಜೆ ಮುನೆಕಾತಾ ನೆಟ್ಟಗೆ ಅಂಗಡಿಗೇ ಬರುತ್ತಾರೆ. ಕರಾರು ಮುಂದುವರಿದಿದೆ. ಇಸೊಗೈ ಎರಡೂ ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡು, ತಲೆಬಾಗಿ, ಬಿಚ್ಚದೆ ಪಕ್ಕಕ್ಕಿಟ್ಟು ಕೆಲಸದ ಮಾತಿಗೆ ಕುಳಿತರಂತೆ. ಗಂಟನ್ನು ಅವರು ನೋಡಿದಂತೆಯೇ ಕಾಣಲಿಲ್ಲ, ನಿಮಗೆ ಸುಮ್ಮನೆ ತೊಂದರೆಯಾಯಿತು ಎಂದು ಮುನೆಕಾತಾ ನೊಂದುಕೊಳ್ಳುತ್ತಾರೆ.

ಶಿಗೆನೊ ತಲೆಯೆತ್ತದೆ ನಾಳೆಯ ದಾರ ಬಿಡಿಸುತ್ತಿದ್ದಾರೆ.

“ತಪ್ಪಾಗಿದ್ದಿದ್ರೆ ನೋಡಿರ್ತಿದ್ರು.”