ಮೈದುನನ ಮಣ್ಣಿಗೆ ಬೈಕಿನಲ್ಲಿ ಹೊರಟ ಅತ್ತೆ

ನನ್ನ ಸೋದರತ್ತೆ ಬೈಕಿನ ಹಿಂದೆ ಕೂತರೆ ಭುಜ ಹಿಡಿಯುತ್ತಿರಲಿಲ್ಲ, ಸೊಂಟ ಹಿಡಿಯುತ್ತಿರಲಿಲ್ಲ. ಅಂಗಿಯ ಕಾಲರನ್ನು ಹಿಂದಿನಿಂದ ಮುಷ್ಟಿ ಕಟ್ಟಿ ಹಿಡಿಯುತ್ತಿದ್ದಳು. ಎಡಕ್ಕೆ ತಿರುಗಬೇಕೆಂದರೆ ಎಡಕ್ಕೆ ಜಗ್ಗುವಳು, ನಿಲ್ಲಿಸಬೇಕೆಂದರೆ ಹಿಂದಕ್ಕೆ ಎಳೆಯುವಳು. ಉಸಿರು ಕಟ್ಟಿ ನಾನು ಕೆಮ್ಮಿದರೆ, "ಹಗ್ಗ ಸಡ್ಲ ಬಿಟ್ರೆ ಎತ್ತು ದಾರಿ ತಪ್ಪುತ್ತೆ ಕಣೋ, ಸುಮ್ನೆ ನಡಿ" ಅನ್ನುವಳು. ನನ್ನ ಅಂಗಿಗಳಲ್ಲಿ ಕಾಲರಿನ ಹೊಲಿಗೆ ಬಿಡದೆ ಉಳಿದದ್ದು ಒಂದೂ ಇರಲಿಲ್ಲ.

ಅತ್ತೆ ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಒಂದು ಸಲ ಯಗಟಿಯಲ್ಲಿ ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲಿಸದೆ ಹೋದ ಕಂಡಕ್ಟರು ಎಷ್ಟೋ ವರ್ಷದ ಮೇಲೆ ಮಗಳ ಮದುವೆಗೆ ಕರೆಯಲು ನಮ್ಮ ಮನೆಗೇ ಬಂದ. ಪಾಪ, ಅವನಿಗೆ ಏನೂ ನೆನಪಿರಲಿಲ್ಲ. ಅತ್ತೆ ಕಾಫಿಗೆ ಸಕ್ಕರೆ ಹಾಕದೆ ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಎದುರಿಗೆ ನಿಂತು ನೋಡಿದಳು. ಪಕ್ಕದ ಮನೆಯ ಟಗರು ಒಮ್ಮೆ ಗುಮ್ಮಿದ್ದಕ್ಕೆ, ಅದನ್ನು ಸಂತೆಗೆ ಹೊಡೆಯುವವರೆಗೂ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಬೈದು ಬರುತ್ತಿದ್ದಳು. "ಅತ್ತೆ, ಮರೆತುಬಿಡಬಾರದಾ?" ಅಂದರೆ, "ಮರೆಯೋದು ದೇವ್ರ ಕೆಲ್ಸ ಕಣೋ. ಅವನಿಗೆ ನೂರೆಂಟು ತಾಪತ್ರಯ, ಮರೀತಾನೆ. ನಂಗೇನಾಗಿದೆ ಧಾಡಿ?" ಅನ್ನುವಳು.

ಇದೆಲ್ಲ ಚಿಲ್ಲರೆ ಸಿಟ್ಟು. ಅಸಲು ಸಿಟ್ಟು ಒಂದಿತ್ತು, ಅದು ಅವಳ ಮೈದುನನ ಮೇಲೆ.

ಅತ್ತೆಯನ್ನು ತರೀಕೆರೆಗೆ ಕೊಟ್ಟಿದ್ದರು. ನಾನು ಹುಟ್ಟಿದಾಗ ಅಮ್ಮನಿಗೆ ಬಾಣಂತನ ಮಾಡಲು ತವರಿನಲ್ಲಿ ಯಾರೂ ಇರಲಿಲ್ಲವೆಂದು ಅತ್ತೆಯೇ ಯಗಟಿಗೆ ಬಂದು ನಿಂತಳು. ಒಂದು ದಿನ ನನಗೆ ಎರೆಯುತ್ತಿದ್ದಾಗ ತರೀಕೆರೆಯಿಂದ ಆಳು ಬಸ್ಸಿಳಿದು ಬಂದು, ಮಾವ ಎದೆ ಹಿಡಿದುಕೊಂಡು ಹೋಗಿಬಿಟ್ಟರು ಎಂದ. ಅತ್ತೆ ಒದ್ದೆ ಸೀರೆಯಲ್ಲೇ ಓಡಿದಳು. ಕಡೂರಿನಲ್ಲಿ ಒಂದು ಬಸ್ಸು ಹಿಡಿದು, ಬೀರೂರಿನಲ್ಲಿ ಇನ್ನೊಂದಕ್ಕೆ ಕಾದು, ತರೀಕೆರೆ ಮುಟ್ಟುವ ಹೊತ್ತಿಗೆ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಬಾಗಿಲಲ್ಲಿ ಮೈದುನ ಕೈಗೆ ಮೆತ್ತಿದ ಮಣ್ಣು ತೊಳೆಯುತ್ತ ನಿಂತಿದ್ದ.

"ಮುಗೀತು ಅತ್ತಿಗೆ. ಹೊತ್ತು ಮುಳುಗ್ತಿತ್ತು. ನಿಮಗೋಸ್ಕರ ಕಾಯಕ್ಕಾಗುತ್ತಾ?" ಅಂದನಂತೆ.

ಕಾಯಬಹುದಿತ್ತು. ಕಾಯೋಣ ಎಂದವರ ಬಾಯಿ ಮುಚ್ಚಿಸಿ ಹೂತಿದ್ದ ಎಂದು ಆಮೇಲೆ ಎಲ್ಲರೂ ಹೇಳಿದರು. ಹೆಂಗಸು ಬಂದು ಗೋಳಾಡುತ್ತ ಕೂತರೆ ತಡವಾಗುತ್ತದೆ ಅನ್ನುವುದು ಅವನ ಲೆಕ್ಕ. ಗಂಡನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ, ಅವಳಿಗೆ ಸಿಕ್ಕಿದ್ದು ಹಸಿ ಗುಡ್ಡೆ ಅಷ್ಟೇ. ಅತ್ತೆ ಆ ಬಾಗಿಲಲ್ಲೇ ನಿಂತು, "ನಿನ್ನ ಮಣ್ಣಿಗೆ ನಾನು ಬಂದೇ ಬತ್ತೀನಿ ಕಣೋ. ಕಣ್ತುಂಬ ನಿನ್ನ ಮುಖ ನೋಡಿ, ಕೈಯಾರೆ ಮಣ್ಣು ಹಾಕಿ ಹೋಗ್ತೀನಿ. ಅಲ್ಲೀವರ್ಗೂ ನಾನು ಸಾಯಲ್ಲ" ಎಂದು ಹೇಳಿ ತವರಿಗೆ ಬಂದವಳು ಮತ್ತೆ ಆ ಊರಿನ ನೀರು ಕುಡಿಯಲಿಲ್ಲ.

ನನ್ನನ್ನು ಸಾಕಿದವಳು ಅವಳೇ. ಯಾವಾಗಲಾದರೂ ನಾನು ಎದುರು ಮಾತಾಡಿದರೆ, "ಲೇ, ನೀನು ಹುಟ್ಟಿದ್ದಕ್ಕೇ ನಾನು ಅಲ್ಲಿರ್ಲಿಲ್ಲ. ನಿನ್ನ ಮೇಲೂ ಒಂದಿಷ್ಟು ಸಿಟ್ಟು ಇಟ್ಟಿದೀನಿ" ಎನ್ನುವಳು. ತಮಾಷೆಗೆ ಹೇಳುತ್ತಿದ್ದಳೋ ನಿಜಕ್ಕೋ, ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಮೈದುನ ಗಟ್ಟಿ ಕುಳ. ಜ್ವರವಂತೆ, ಆಸ್ಪತ್ರೆಯಂತೆ ಎಂದು ಸುದ್ದಿ ಬಂದಾಗಲೆಲ್ಲ ಅತ್ತೆ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕುವಳು. ಅವನು ಎದ್ದು ಕೂತ ಎಂದು ಗೊತ್ತಾದರೆ, "ಈ ಸಲಾನೂ ಮೋಸ ಮಾಡ್ದ" ಎಂದು ಮಡಿಚಿಡುವಳು. ಅವನು ನಿಜವಾಗಿ ಸತ್ತ ದಿನ ಬೆಳಿಗ್ಗೆ ಫೋನು ಬಂತು. ಮಧ್ಯಾಹ್ನದ ಮೇಲೆ ಮಣ್ಣು ಎಂದರು. ಅತ್ತೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಚೀಲ ಕೂಡ ಇಲ್ಲದೆ ಬಂದು ರಸ್ತೆಯಲ್ಲಿ ನಿಂತಳು. ಬಸ್ಸೇ ಇಲ್ಲ. ಅವತ್ತು ತರೀಕೆರೆಯಲ್ಲಿ ಒಂದು ಪಕ್ಷದ ಭಾರೀ ಸಮಾವೇಶ. ಇದ್ದಬದ್ದ ಬಸ್ಸೆಲ್ಲ ಜನ ತುಂಬಿಕೊಂಡು ಬರಲು ಹೋಗಿದ್ದವು. ಸಮಾವೇಶ ಮಾಡುವವರಿಗೆ ವರ್ಷದಲ್ಲಿ ಬೇರೆ ದಿನವೇ ಇರಲಿಲ್ಲವೇ? ಅವರ ಮೇಲೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಾನೂ ಅತ್ತೆ ಕೈಯಲ್ಲಿ ಬೆಳೆದವನೇ ತಾನೆ.

"ಬೈಕು ತೆಗಿ," ಅಂದಳು ಅತ್ತೆ.

ಬೀರೂರು ದಾಟಿದ ಮೇಲೆ ರಸ್ತೆ ತುಂಬ ಬಾವುಟದ ಬಸ್ಸುಗಳು, ಟ್ರ್ಯಾಕ್ಟರುಗಳು. ನಾನು ನಿಧಾನ ಮಾಡಿದರೆ ಕಾಲರು ಬಿಗಿಯಾಗುತ್ತಿತ್ತು. "ಹೋಗೋ ಬೇಗ. ಎರಡ್ನೇ ಸಲ ನಾನು ಗುಡ್ಡೆ ನೋಡ್ಕೊಂಡು ಬರಲ್ಲ" ಎಂದು ಕಿವಿಯ ಹತ್ತಿರ ಹೇಳುತ್ತಲೇ ಇದ್ದಳು. ತರೀಕೆರೆಯ ಬಾಗಿಲಲ್ಲೇ ಪೊಲೀಸರು ಬ್ಯಾರಿಕೇಡು ಇಟ್ಟು ನಿಂತಿದ್ದರು. ಮೈದುನನ ಹೊಲ ಇದ್ದದ್ದು ಊರಿನ ಆ ತುದಿಯಲ್ಲಿ.

"ಬೈಕೂ ಬಿಡಂಗಿಲ್ಲ ಅಜ್ಜಿ. ಮಂತ್ರಿಗಳು ಬಂದು ಹೋಗೋವರ್ಗೂ ಯಾರನ್ನೂ ಬಿಡ್ಬೇಡಿ ಅಂತ ಆರ್ಡರು," ಅಂದ ಒಬ್ಬ ಪೇದೆ.

"ಮಣ್ಣಿಗೆ ಹೋಗ್ಬೇಕು ಕಣಪ್ಪಾ."

"ಅಯ್ಯೋ ಪಾಪ. ಹತ್ರದೋರಾ?"

"ಹತ್ರದೋನೇ. ನನ್ನ ಶತ್ರು."

ಪೇದೆ ನನ್ನ ಮುಖ ನೋಡಿದ. ನಾನು ಹೌದೆಂದು ತಲೆ ಆಡಿಸಿದೆ. ಅತ್ತೆ ಗಾಡಿಯಿಂದ ಇಳಿಯದೆ ನಾಲ್ಕೇ ಮಾತಿನಲ್ಲಿ ಎಲ್ಲ ಹೇಳಿಬಿಟ್ಟಳು. ಅವನಿಗೆ ನಗು ಬಂತೋ ಸಂಕಟ ಆಯಿತೋ, ಸಾಹೇಬರು ಎಲ್ಲಿದ್ದಾರೆ ಎಂದು ಆಚೀಚೆ ನೋಡಿ, "ರೈಸ್‌ಮಿಲ್ ಹಿಂದೆ ಸಂದಿ ಇದೆ. ಇಂಜಿನ್ ಆಫ್ ಮಾಡಿ ತಳ್ಕೊಂಡು ಹೋಗಿ. ನಾನಂತೂ ನೋಡಿಲ್ಲ," ಅಂದ.

ಆ ಸಂದಿಯಲ್ಲಿ ಬೈಕಿನ ಹ್ಯಾಂಡಲು ಎರಡೂ ಗೋಡೆಗೆ ತಾಗುತ್ತಿತ್ತು. ಒಣಗಲು ಹಾಕಿದ ಬಟ್ಟೆಯ ಕೆಳಗೆ ಬಗ್ಗಿ, ಮುಸುರೆ ಬಾನಿ ಪಕ್ಕಕ್ಕೆ ಸರಿಸಿ ನಾನು ತಳ್ಳುತ್ತಿದ್ದರೆ ಅತ್ತೆ ಮುಂದೆ ಮುಂದೆ ನಡೆಯುತ್ತ, "ಸ್ವಲ್ಪ ಸರೀರಮ್ಮಾ, ಸಾವಿನ ಮನೆಗೆ ಹೋಗ್ಬೇಕು" ಎಂದು ದಾರಿ ಬಿಡಿಸುತ್ತಿದ್ದಳು. ಮೈಕಿನಲ್ಲಿ ಯಾರೋ, ಸರ್ಕಾರವನ್ನು ನಿಮ್ಮ ಮನೆ ಬಾಗಿಲಿಗೆ ತಂದಿದ್ದೇವೆ ಎಂದು ಕಿರುಚುತ್ತಿದ್ದ. "ಬಾಗ್ಲಿಗೆ ಬಂದು ಬಾಗ್ಲೇ ಮುಚ್ಚವ್ರೆ ಮುಂಡೇವು," ಅಂದಳು.

ಸಂದಿ ಮುಗಿದಲ್ಲಿ ಊಟದ ಪೊಟ್ಟಣ ಹಂಚುತ್ತಿದ್ದರು. ಒಬ್ಬ ಕಾರ್ಯಕರ್ತ ಓಡಿ ಬಂದು ಅತ್ತೆಯ ಕೈಗೆ ಪೊಟ್ಟಣ ಕೊಟ್ಟು ಕೊರಳಿಗೆ ಪಕ್ಷದ ಶಾಲು ಹಾಕಿಯೇಬಿಟ್ಟ. ಅತ್ತೆ ಅದನ್ನು ಕಿತ್ತೆಸೆಯುವುದರಲ್ಲಿದ್ದಳು. ಅಷ್ಟರಲ್ಲಿ ಮುಂದಿನ ಬ್ಯಾರಿಕೇಡಿನಲ್ಲಿ ಶಾಲು ಹಾಕಿದವರನ್ನು ಮಾತ್ರ ಒಳಗೆ ಬಿಡುವುದು ಕಣ್ಣಿಗೆ ಬಿತ್ತು. "ಹತ್ತೋ ಗಾಡಿ" ಅಂದವಳೇ ಹಿಂದೆ ಕೂತು, ಕೈಯೆತ್ತಿ ಒಂದು ಜೈ ಹಾಕಿದಳು. ಪೊಲೀಸರು ಹಗ್ಗ ಎತ್ತಿ ಬಿಟ್ಟರು. ಪೆಂಡಾಲಿನ ಹಿಂದಿನಿಂದ ಹಾದು ಕೆರೆ ಏರಿಗೆ ಬಂದ ಮೇಲೆ, ಆ ಶಾಲಿನಿಂದ ಕಾಲಿನ ಕೆಸರು ಒರೆಸಿ ಬಿಸಾಕಿದಳು.

ನಾವು ಹೊಲ ಮುಟ್ಟಿದಾಗ ಗುಂಡಿ ತೋಡಿ ಆಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಮೈದುನನನ್ನು ಹೂವಿನ ವಿಮಾನದಲ್ಲಿ, ಪೇಟ ಸುತ್ತಿ, ಗುಂಡಿಯ ಪಕ್ಕದಲ್ಲಿ ಕೂರಿಸಿದ್ದರು. ಅತ್ತೆಯನ್ನು ಕಂಡು ಜನ ದಾರಿ ಬಿಟ್ಟರು. ಅವಳು ಹೋಗಿ ಎದುರಿಗೆ ನಿಂತಳು. ಬಹಳ ಹೊತ್ತು ನೋಡಿದಳು. ತುಟಿ ಅಲ್ಲಾಡುತ್ತಿತ್ತು, ಮಾತು ಕೇಳಲಿಲ್ಲ. ಶಾಪ ಹಾಕುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಮೈದುನನ ಮಗ ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರಿಗೆ, "ಅಯ್ಯನೋರೇ, ಹೊತ್ತಾಗ್ತಿದೆ. ಇಳ್ಸೋಣ," ಅಂದ.

ಅತ್ತೆ ತಿರುಗಿ, "ಎಲ್ಲೋ ನಿನ್ನ ತಂಗಿ?" ಎಂದು ಕೇಳಿದಳು.

"ಬುಕ್ಕಾಂಬುಧಿ ಮೇಲೆ ಬರ್ತಿದ್ಲು ದೊಡ್ಡಮ್ಮ. ಅಜ್ಜಂಪುರದ ರಸ್ತೇಲಿ ಕಾರು ತಡೆದವ್ರೆ. ಯಾವಾಗ ಬಿಡ್ತಾರೋ ಏನೋ. ಅವಳಿಗೋಸ್ಕರ ಕಾಯಕ್ಕಾಗುತ್ತಾ?"

ಅವನಿಗೆ ಏನು ಗೊತ್ತು ಪಾಪ, ಅವನು ಆಗ ಹುಟ್ಟೇ ಇರಲಿಲ್ಲ. ಆದರೆ ಅಲ್ಲಿದ್ದ ಮುದುಕರೆಲ್ಲ ತಲೆ ತಗ್ಗಿಸಿದರು. ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೀದಾ ಹೋಗಿ ಗುಂಡಿಯ ಅಂಚಿನಲ್ಲಿ, ಕಾಲು ಒಳಗೆ ಇಳಿಬಿಟ್ಟು ಕೂತುಬಿಟ್ಟಳು.

"ಆ ಹುಡ್ಗಿ ಬಂದು ಅಪ್ಪನ ಮುಖ ನೋಡೋವರ್ಗೂ ಒಂದು ಹಿಡಿ ಮಣ್ಣು ಬೀಳಕೂಡ್ದು. ಇಳ್ಸೋದಾದ್ರೆ ನನ್ನ ತಲೆ ಮೇಲೆ ಇಳ್ಸಿ."

ಅಯ್ಯನವರು, "ತಾಯಿ, ಸೂರ್ಯ ಇಳೀತಿದಾನೆ. ಶವ ಕಾಯಿಸಬಾರದು," ಎಂದು ಮೆತ್ತಗೆ ಹೇಳಿದರು.

"ಕಾಯ್ಲಿ ಬಿಡಿ ಅಯ್ಯನೋರೇ. ಕೂತೇ ಇದಾನಲ್ಲ. ಇನ್ನೇನು ಅರ್ಜೆಂಟು ಅವನಿಗೆ? ಜೀವಮಾನದಲ್ಲಿ ಒಂದ್ಸಲ ಕಾಯೋದು ಕಲೀಲಿ."

ಆಮೇಲೆ ನನ್ನ ಕಡೆ ತಿರುಗಿ, "ಹೋಗೋ, ಬಂದ ಹಂಗೇ ಸಂದಿಗೊಂದಿ ನುಗ್ಗಿ ಅವಳನ್ನ ಕರ್ಕೊಂಡು ಬಾ. ಕರುಣೆ ಗಿರುಣೆ ಅಂತ ತಿಳ್ಕೋಬೇಡ. ಇವ್ನ ಮಗಳಿಗೆ ಇವ್ನ ಮುಖಾನ ನಾನು ತೋರಿಸ್ಬೇಕು. ಅವ್ನು ನೋಡ್ತಾ ಕೂತಿರ್ಬೇಕು," ಎಂದಳು. ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ.

ಕೆರೆ ಏರಿಯ ಮೇಲಿಂದ ಒಂದು ಕಾಲುದಾರಿ ಅಜ್ಜಂಪುರದ ರಸ್ತೆಗೆ ಕೂಡುತ್ತದೆಂದು ಅಲ್ಲಿದ್ದವರು ತೋರಿಸಿದರು. ಹೊಲದ ಬದುಗಳ ಮೇಲೆ ಬೈಕು ಕುಣಿಸುತ್ತ ಹೋದೆ. ನಿಂತ ವಾಹನಗಳ ಸಾಲಿನಲ್ಲಿ ಆ ಹೆಂಗಸು ಕಾರಿನಿಂದಿಳಿದು, ಪೊಲೀಸನ ಮುಂದೆ ಕೈಮುಗಿದು ಅಳುತ್ತಿದ್ದಳು. ಇಂಥವನು, ನಿಮ್ಮ ದೊಡ್ಡಮ್ಮನ ತಮ್ಮನ ಮಗ, ಅವಳೇ ಕಳಿಸಿದ್ದಾಳೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ಯಾವ ದೊಡ್ಡಮ್ಮ? ನಮ್ಗೆ ಶಾಪ ಹಾಕೋ ದೊಡ್ಡಮ್ಮನಾ?" ಎಂದಳು. "ಹೂಂ, ಅವಳೇ. ಗುಂಡಿ ಮೇಲೆ ಕೂತಿದಾಳೆ. ಬೇಗ ಹತ್ತಿ," ಅಂದೆ.

ನಾವು ಬಂದಾಗ ಬಿಸಿಲು ಪೂರ್ತಿ ಹೋಗಿ ಯಾರೋ ಟಾರ್ಚು ಹಿಡಿದಿದ್ದರು. ಅತ್ತೆ ಅಲ್ಲೇ ಕೂತಿದ್ದಳು. ನಾನು ಹೋದಾಗಿನಿಂದ ಮೈದುನನ ಇಡೀ ಚರಿತ್ರೆಯನ್ನು ಜನಕ್ಕೆಲ್ಲ ಕೇಳುವಂತೆ ಹೇಳುತ್ತಿದ್ದಳಂತೆ, ಒಬ್ಬರೂ ಎದ್ದು ಹೋಗಿರಲಿಲ್ಲ. ಮಗಳು ಓಡಿ ಹೋಗಿ ಅಪ್ಪನ ಕೆನ್ನೆಗೆ ಕೆನ್ನೆ ಇಟ್ಟು ಅತ್ತಳು. ಅವಳನ್ನು ಯಾರೂ ಎಬ್ಬಿಸಕೂಡದು ಎಂದು ಅತ್ತೆ ಕಣ್ಣಲ್ಲೇ ಹೆದರಿಸಿ ನಿಂತಿದ್ದಳು. ಮಗಳು ಅತ್ತು ಸಾಕಾಗಿ ತಾನೇ ಎದ್ದ ಮೇಲೆ ಅತ್ತೆ ಅಯ್ಯನವರಿಗೆ, "ಈಗ ಇಳ್ಸಿ," ಅಂದಳು.

ವಿಭೂತಿ, ಪತ್ರೆ ಎಲ್ಲ ಹಾಕಿ ಆಯಿತು. ಮನೆಯವರ ಸರದಿ ಮುಗಿದ ಮೇಲೆ ಅತ್ತೆ ಮಣ್ಣು ಬಾಚಿದಳು. "ಬಂದೆ ಕಣೋ, ಹೇಳ್ದಂಗೇ ಬಂದೆ," ಎಂದು ಎರಡು ಹಿಡಿಯನ್ನು ಕಾಗೆಗೆ ಕಲ್ಲು ಬೀಸುವ ಹಾಗೆ ಬೀಸಿದಳು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮೂರನೆಯ ಹಿಡಿಯನ್ನು ಮಾತ್ರ ಮಂಡಿಯೂರಿ, ಬಗ್ಗಿ, ಮೆಲ್ಲಗೆ ಬಿಟ್ಟಳು. ತೋಳು ಸೋತಿರಬೇಕು ಎಂದುಕೊಂಡೆ.

ಕಳೆದ ವರ್ಷ ಅತ್ತೆಯೂ ಹೋದಳು. ಯಗಟಿಯ ನಮ್ಮ ಹೊಲದ ಮೂಲೆಯಲ್ಲಿ ಗುಂಡಿ ತೋಡಿಸಿದೆ. ಮೈದುನನ ಮಗಳು ಬರುತ್ತಿದ್ದ ಬಸ್ಸು ಕೆಟ್ಟು ನಿಂತಿತ್ತು. ಊರವರು ಹೊತ್ತಾಯಿತು ಹೊತ್ತಾಯಿತು ಎಂದು ಗೊಣಗಿದರು. "ಬೇಕಾದೋರು ಹೋಗಿ. ನಾನು ಕಾಯ್ತೀನಿ," ಎಂದು ಕೂಗಾಡಿದೆ. ಎಂದೂ ಹಾಗೆ ಕೂಗಾಡಿದವನಲ್ಲ. ನನಗೆ ಎರೆಯುತ್ತಿದ್ದಾಗ ಸಾವಿನ ಸುದ್ದಿ ಕೇಳಿ ಓಡಿದವಳಿಗೆ ಇಷ್ಟೂ ಮಾಡದಿದ್ದರೆ ನಾನೆಂಥ ಮನುಷ್ಯ?

ಎಲ್ಲ ಮುಗಿದ ಮೇಲೆ ಆ ಮಗಳು ನನ್ನ ಪಕ್ಕ ಬಂದು ಕೂತು, "ಅಣ್ಣ, ಅವತ್ತು ದೊಡ್ಡಮ್ಮ ಅಪ್ಪನ ಮುಖ ನೋಡ್ತಾ ಬಾಳ ಹೊತ್ತು ಏನೋ ಅಂತಿದ್ರಂತೆ. ಏನಂತ ಬೈದ್ರು? ನಾನೇನು ಬೇಜಾರು ಮಾಡ್ಕೊಳ್ಳಲ್ಲ, ಹೇಳಿ," ಎಂದು ಕೇಳಿದಳು.

ಅದನ್ನೇ ನಾನು ಆ ದಿನ ವಾಪಸು ಬರುವಾಗ ಅತ್ತೆಯನ್ನು ಕೇಳಿದ್ದೆ. ಕಾಲರಿನ ಮೇಲಿನ ಹಿಡಿತ ಸಡಿಲವಾಗಿತ್ತು. ಅವಳು ಅಂದದ್ದನ್ನು ಆ ಮಗಳಿಗೆ ಹಾಗೆಯೇ ಹೇಳಿದೆ.

"ಬೈಯ್ಯಣ ಅಂತಾನೇ ನಿಂತೆ ಕಣೋ. ಕೆನ್ನೆ ಒಳಕ್ಕೋಗಿ, ಹುಬ್ಬು ನೆರೆತು, ಥೇಟ್ ಅವ್ನ ಅಣ್ಣನ ಥರಾನೇ ಕೂತಿದ್ನಲ್ಲೋ ಹಾಳಾದೋನು. ನಿಮ್ಮ ಮಾವ ಇದ್ದಿದ್ರೆ ಈಗ ಹಿಂಗೇ ಮುದುಕ ಆಗಿರೋರು. ಬೈಗುಳ ಬಾಯಿಗೆ ಬರ್ಲೇ ಇಲ್ಲ, ಅವ್ರ ಹತ್ರ ಮಾತಾಡ್ಕೊಂಡು ನಿಂತ್ಬಿಟ್ಟೆ. ಎರಡು ಹಿಡಿ ಅವ್ನಿಗೇ ಹಾಕ್ದೆ, ಬಿಡ್ಲಿಲ್ಲ. ಮೂರನೇದು ನಿಮ್ಮ ಮಾವಂದು."